ಮಣ್ಣಪಳ್ಳದ ದಡದಿಂದ: ಓದುಗರ ಪ್ರಶ್ನೆ, ನಮ್ಮ ಉತ್ತರ

ಮಣಿಪಾಲದ ಮಣ್ಣಪಳ್ಳ ಮತ್ತು ಅಂಥ ಊರಕೆರೆಗಳ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಐದನ್ನು ಈ ಸಲ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ಘಟ್ಟದ ಮೇಲಿನಿಂದ ಅತ್ತೆ-ಮಾವ ಬರುತ್ತಿದ್ದಾರೆ. ಮಾವನಿಗೆ ಮಂಡಿನೋವು. ಬಸ್ಸಿನಲ್ಲೇ ಮಣ್ಣಪಳ್ಳಕ್ಕೆ ಕರೆದೊಯ್ಯಬಹುದೇ? ಯಾವ ಹೊತ್ತು ಒಳ್ಳೆಯದು?
— ಬ್ರಹ್ಮಾವರದ ಓದುಗರು

ಉತ್ತರ: ಉಡುಪಿ ಸಿಟಿ ಬಸ್ ನಿಲ್ದಾಣದಿಂದ ಮಣಿಪಾಲಕ್ಕೆ ಸುಮಾರು 5 ಕಿ.ಮೀ., ಬಸ್ಸಿಗೆ ಕಾಯುವ ಕಷ್ಟವಿಲ್ಲ. ಟೈಗರ್ ಸರ್ಕಲ್‌ನಲ್ಲಿ ಇಳಿಯಿರಿ. ಅಲ್ಲಿಂದ ಕೆರೆಗೆ ನಡೆದೇ ಹೋಗಬಹುದು, ಆದರೆ ನಿಮ್ಮ ಮಾವನವರಿಗೆ ರಿಕ್ಷಾ ಮಾಡಿ. ಮಣಿಪಾಲವೆಂದರೆ ಗುಡ್ಡ, ಇಳಿಜಾರು ಏರಿಗಿಂತಲೂ ಮಂಡಿಗೆ ಕೆಟ್ಟದ್ದು.

ಏಪ್ರಿಲ್, ಮೇ ತಿಂಗಳಲ್ಲಿ ಸಂಜೆ 5ಕ್ಕೆ ಮೊದಲು ಹೋಗಬೇಡಿ. ಹಗಲೆಲ್ಲ ಕಾದ ಮುರಕಲ್ಲಿನ (ಲ್ಯಾಟರೈಟ್ ಕಲ್ಲಿನ) ನೆಲ ಆಮೇಲೂ ಸ್ವಲ್ಪ ಹೊತ್ತು ಸೆಕೆ ಕಾರುತ್ತಿರುತ್ತದೆ. ಡಿಸೆಂಬರಿನಲ್ಲಾದರೆ 6 ದಾಟುತ್ತಲೇ ಸೂರ್ಯ ಮುಳುಗುತ್ತಾನೆ, 4.30ಕ್ಕಾದರೂ ಅಲ್ಲಿರಬೇಕು. ಇನ್ನೊಂದು ಮಾತು: ಕೆರೆಗೆ ಪೂರ್ತಿ ಸುತ್ತು ಹಾಕುವ ಹಟ ಬೇಡ. ಅರ್ಧ ಸುತ್ತಿದ ಮೇಲೆ ಮಂಡಿ ಹಿಡಿದರೆ ಮುಂದೆ ಹೋದರೂ ಹಿಂದೆ ಬಂದರೂ ಅಷ್ಟೇ ದೂರ. ಹತ್ತು ನಿಮಿಷ ನಡೆದು, ಕೂತು, ಬಂದ ದಾರಿಯಲ್ಲೇ ತಿರುಗಿ. ಮಳೆಗಾಲದಲ್ಲಿ ದಾರಿಯ ಮೇಲೆ ಹಾವಸೆ ಕಟ್ಟುತ್ತದೆ. ನುಣುಪಾದ ಟೈಲ್ಸ್ ಮೇಲಂತೂ ಅದು ಕಣ್ಣಿಗೆ ಕಾಣುವುದೇ ಇಲ್ಲ. ರಬ್ಬರ್ ಅಟ್ಟೆ ಸವೆದ ಚಪ್ಪಲಿ ಮನೆಯಲ್ಲಿರಲಿ.

ಪ್ರಶ್ನೆ: ಕೆರೆಯ ದಡದಲ್ಲಿ ನೀರಿನ ಮೇಲೆ ಎಣ್ಣೆಯಂಥ ಬಣ್ಣಬಣ್ಣದ ಪೊರೆ, ಕೆಳಗೆ ಕೆಂಪು ಕೆಸರು. ಯಾರೋ ವಾಹನ ತೊಳೆದು ಆಯಿಲ್ ಬಿಟ್ಟಿದ್ದಾರೆಯೇ?
— ಪರ್ಕಳದ ಓದುಗರು

ಉತ್ತರ: ಬಿಟ್ಟಿರಲೂಬಹುದು, ಆದರೆ ನಮ್ಮ ಕರಾವಳಿಯಲ್ಲಿ ಮೊದಲು ಸಂಶಯಪಡಬೇಕಾದದ್ದು ಕಬ್ಬಿಣವನ್ನು. ಮುರಕಲ್ಲಿನಲ್ಲಿ ಕಬ್ಬಿಣದ ಅಂಶ ಧಾರಾಳ. ಕೊಳೆತ ಎಲೆಯ ಅಡಿಯಲ್ಲಿ, ಗಾಳಿಯಾಡದ ಜಾಗದಲ್ಲಿ ಅದು ನೀರಿಗೆ ಕರಗುತ್ತದೆ. ಒಸರಾಗಿ ಹೊರಗೆ ಬಂದು ಗಾಳಿ ತಾಗಿದೊಡನೆ ತುಕ್ಕಾಗುತ್ತದೆ. ಈ ಕೆಲಸಕ್ಕೆ ಕೈಹಾಕುವ ಬ್ಯಾಕ್ಟೀರಿಯಾಗಳೂ ಇವೆ. ಮೇಲಿನ ಪೊರೆ, ಕೆಳಗಿನ ಕೆಂಪು ಲೋಳೆ ಎರಡೂ ಅದರದ್ದೇ.

ಪರೀಕ್ಷೆಗೆ ಒಂದು ಕಡ್ಡಿ ಸಾಕು. ಪೊರೆಯ ನಡುವೆ ಕಡ್ಡಿ ಎಳೆಯಿರಿ. ಗಾಜು ಒಡೆದಂತೆ ಮೂಲೆಮೂಲೆಯ ಚೂರುಗಳಾಗಿ, ಚೂರುಗಳು ಹಾಗೆಯೇ ಬೇರೆಬೇರೆ ನಿಂತರೆ ಅದು ಕಬ್ಬಿಣದ ಪೊರೆ. ಕಡ್ಡಿಯ ಹಿಂದೆಯೇ ಸುಳಿಸುಳಿಯಾಗಿ ಬಂದು ಮತ್ತೆ ಕೂಡಿಕೊಂಡರೆ ಎಣ್ಣೆ. ಜತೆಗೆ ಪೆಟ್ರೋಲಿನದ್ದೋ ಗ್ಯಾರೇಜಿನದ್ದೋ ವಾಸನೆ ಇದ್ದರೆ ಸಂಶಯವೇ ಬೇಡ: ಫೋಟೊ ತೆಗೆದು, ಚರಂಡಿ ಎಲ್ಲಿಂದ ಸೇರುತ್ತದೆ ಎಂಬುದನ್ನೂ ಬರೆದು ನಗರಸಭೆಗೆ ಕೊಡಿ. ‘ಕೆರೆ ಹಾಳಾಗಿದೆ’ ಎಂದಷ್ಟೇ ಬರೆದ ಅರ್ಜಿ ಫೈಲಿನಲ್ಲಿ ಮಲಗುತ್ತದೆ.

ಪ್ರಶ್ನೆ: ಬೆಳಗಿನ ವಾಕಿಂಗ್‌ಗೆ ಹೋದಾಗ ಕೆಲವೊಮ್ಮೆ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿರುತ್ತವೆ, ಒಂದೆರಡು ಸತ್ತೂ ಇರುತ್ತವೆ. ಹಸಿವೆಯೆಂದು ಜನ ಬ್ರೆಡ್ ಹಾಕುತ್ತಾರೆ. ಸರಿಯೇ?
— ಕಾವೂರಿನ ಓದುಗರು

ಉತ್ತರ: ಅದು ಹಸಿವೆಯಲ್ಲ, ಉಸಿರುಕಟ್ಟಿದ ಲಕ್ಷಣ. ಬ್ರೆಡ್ ಹಾಕಿದರೆ ಮರುದಿನ ಇನ್ನಷ್ಟು ಉಸಿರುಕಟ್ಟುತ್ತದೆ.

ಹಗಲು ಪಾಚಿ ಬಿಸಿಲಿನಲ್ಲಿ ನೀರಿಗೆ ಆಮ್ಲಜನಕ ಕೊಡುತ್ತದೆ; ರಾತ್ರಿ ಅದೇ ಪಾಚಿ ಮೀನಿನ ಜತೆ ಪಾಲು ಕೇಳುತ್ತದೆ. ಆದ್ದರಿಂದ ದಿನದಲ್ಲಿ ಅತಿ ಕಡಿಮೆ ಆಮ್ಲಜನಕ ಇರುವುದು ಸೂರ್ಯೋದಯಕ್ಕೆ ಸ್ವಲ್ಪ ಮೊದಲು. 30 ಡಿಗ್ರಿ ಬಿಸಿಯ ನೀರು ಹಿಡಿದಿಡಬಲ್ಲದ್ದೇ ಲೀಟರಿಗೆ ಸುಮಾರು 7.5 ಮಿಲಿಗ್ರಾಂ. 2ಕ್ಕಿಂತ ಕೆಳಗಿಳಿದರೆ ಹೆಚ್ಚಿನ ಮೀನುಗಳು ತಾಳುವುದಿಲ್ಲ. ಬ್ರೆಡ್, ಮಂಡಕ್ಕಿ, ಹೂವಿನ ಹಾರ ಯಾವುದೇ ಆಗಲಿ, ತಳದಲ್ಲಿ ಕೊಳೆಯುವಾಗ ಇದೇ ಆಮ್ಲಜನಕವನ್ನು ತಿನ್ನುತ್ತದೆ, ಮೇಲಾಗಿ ಪಾಚಿಗೆ ಗೊಬ್ಬರವಾಗುತ್ತದೆ. ಎರಡು-ಮೂರು ದಿನ ಮೋಡ ಮುಸುಕಿದಾಗ, ಮೊದಲ ಮಳೆಗೆ ಬೇಸಗೆಯ ರಸ್ತೆ ಕೊಳೆಯೆಲ್ಲ ತೊಳೆದು ಕೆರೆಗೆ ಬಂದಾಗ ಮೀನು ಹೆಚ್ಚು ಸಾಯುವುದು ಇದೇ ಕಾರಣಕ್ಕೆ.

ವಿಷವೇ ಎಂದು ತಿಳಿಯಲು ಸತ್ತದ್ದನ್ನು ನೋಡಿ. ಉಸಿರುಕಟ್ಟಿದರೆ ಸಾಮಾನ್ಯವಾಗಿ ದೊಡ್ಡವು ಮೊದಲು ಸಾಯುತ್ತವೆ, ಅದೂ ನಸುಕಿನಲ್ಲಿ. ಗಾಳಿ ಕುಡಿಯಬಲ್ಲ ಮುಗುಡು ಉಳಿದುಕೊಳ್ಳುತ್ತದೆ. ಮುಗುಡೂ ಸತ್ತು, ಮರಿಯಿಂದ ಹಿರಿದರವರೆಗೆ ಎಲ್ಲ ಗಾತ್ರದವೂ ನಡುಹಗಲಲ್ಲಿ ತೇಲಿದರೆ ವಿಷದ ಸಂಶಯ. ಆಗ ಸತ್ತ ಮೀನನ್ನು ಮನೆಗೆ ಒಯ್ಯಬೇಡಿ. ಇದನ್ನು ಹೇಳಬೇಕಾಗಿ ಬಂದದ್ದೇ ಬೇಸರ, ಆದರೆ ಒಯ್ಯುವವರಿದ್ದಾರೆ.

ಪ್ರಶ್ನೆ: ಕೆರೆ ಪಾರ್ಕಿನಿಂದ ಬಂದರೆ ಮಗುವಿನ ಕಾಲೆಲ್ಲ ಸೊಳ್ಳೆ ಕಚ್ಚಿದ ಗುರುತು. ಕೆರೆಯಿಂದಲೇ ಡೆಂಗಿ ಬರುತ್ತದೆಯೇ? ಮಗು ದಡದಲ್ಲಿ ಕಾಲು ಅದ್ದಿ ಆಡಬಹುದೇ?
— ಜೆಪ್ಪುವಿನ ಓದುಗರು

ಉತ್ತರ: ಡೆಂಗಿಯ ಸೊಳ್ಳೆಗೆ ಮೀನಿರುವ ದೊಡ್ಡ ಕೆರೆ ಬೇಡ, ಒಂದು ಚಿಪ್ಪು ನೀರು ಸಾಕು. ಪಾರ್ಕಿನ ಬದಿಯಲ್ಲಿ ಎಸೆದ ಬೊಂಡದ (ಎಳನೀರಿನ) ಬುರುಡೆ, ಐಸ್‌ಕ್ರೀಂ ಕಪ್ಪು, ಹೂಕುಂಡದ ತಟ್ಟೆ ಇವೇ ಅದರ ತೊಟ್ಟಿಲು. ಮೊಟ್ಟೆಯಿಂದ ಸೊಳ್ಳೆಯಾಗಲು ನಮ್ಮ ಹವೆಯಲ್ಲಿ 7ರಿಂದ 10 ದಿನ. ವಾರಕ್ಕೊಮ್ಮೆ ಇವನ್ನು ಹೆಕ್ಕಿದರೆ ಕೆರೆಗೆ ಔಷಧ ಸಿಂಪಡಿಸುವುದಕ್ಕಿಂತ ಲಾಭ. ಬೊಂಡ ಕುಡಿದವರು ಬುರುಡೆಯನ್ನು ಮಾರಿದವರ ಬುಟ್ಟಿಗೇ ಹಾಕಲಿ. ಮಗುವಿಗೆ ಉದ್ದ ಪ್ಯಾಂಟು ಹಾಕಿ. ಈ ಸೊಳ್ಳೆ ಕಚ್ಚುವುದು ಹಗಲಿನಲ್ಲಿ, ಬೆಳಗ್ಗೆ ಮತ್ತು ಸೂರ್ಯಾಸ್ತಕ್ಕೆ ಮುನ್ನ ಅದರ ಕಾಟ ಹೆಚ್ಚು.

ಕಾಲು ಅದ್ದುವುದು ಬೇಡ. ಮಳೆಗಾಲದಲ್ಲಿ ಇಲಿಜ್ವರದ ಭಯ: ಇಲಿಯ ಮೂತ್ರ ಸೇರಿದ ನೀರು ಕಾಲಿನ ಗಾಯ, ಒಡಕುಗಳ ಮೂಲಕ ರೋಗ ತರುತ್ತದೆ. ನೀರಿಗೆ ಇಳಿದ 5ರಿಂದ 14 ದಿನಗಳಲ್ಲಿ ಜ್ವರ, ಮೀನಖಂಡದ ನೋವು, ಕೆಂಗಣ್ಣು ಕಂಡರೆ ವೈದ್ಯರಲ್ಲಿ ‘ಕೆರೆ ನೀರಿಗೆ ಇಳಿದಿದ್ದೆವು’ ಎಂದು ನೀವಾಗಿಯೇ ಹೇಳಿ, ಅವರು ಕೇಳುವವರೆಗೆ ಕಾಯಬೇಡಿ. ಎರಡನೆಯದು ಆಳ. ಮುರಕಲ್ಲು ಕಡಿದ, ಮಣ್ಣು ಅಗೆದ ಹೊಂಡಗಳಲ್ಲಿ ತಳ ಮೆಲ್ಲನೆ ಇಳಿಯುವುದಿಲ್ಲ. ಒಂದು ಹೆಜ್ಜೆಗೆ ಮೊಣಕಾಲು, ಮುಂದಿನ ಹೆಜ್ಜೆಗೆ ತಲೆ ಮುಳುಗು.

ಯಾರಾದರೂ ಬಿದ್ದರೆ ಈಜು ಬಂದರೂ ಹಾರಬೇಡಿ. ಮುಚ್ಚಳ ಬಿಗಿದ ಖಾಲಿ ನೀರಿನ ಕ್ಯಾನು, ಲುಂಗಿ, ದುಪಟ್ಟಾ ಎಸೆಯಿರಿ, 112ಕ್ಕೆ ಕರೆ ಮಾಡಿಸಿ. ಮೇಲೆತ್ತಿದ ಮೇಲೆ ಹೊಟ್ಟೆ ಒತ್ತಿ ನೀರು ಕಾರಿಸುವುದು ತಪ್ಪು, ಅದು ಶ್ವಾಸಕೋಶಕ್ಕೇ ನುಗ್ಗಬಹುದು. ಉಸಿರಿಲ್ಲದಿದ್ದರೆ ಮೊದಲು ಬಾಯಿಗೆ ಬಾಯಿ ಇಟ್ಟು ಉಸಿರು ಕೊಡಿ, ಆಮೇಲೆ ಎದೆಯ ನಡುವೆ 30 ಸಲ ಒತ್ತಿ 2 ಉಸಿರು, ಹೀಗೆಯೇ ನೆರವು ಬರುವವರೆಗೆ.

ಪ್ರಶ್ನೆ: ಮಂಗಳೂರಿನವರು ಮಣ್ಣಪಳ್ಳಕ್ಕೆ ಬರಬೇಕೆ, ಪಿಲಿಕುಳವೇ ಸಾಲದೇ? ನಮಗೆ ಸೋಮವಾರ ರಜೆ.
— ಸುರತ್ಕಲ್‌ನ ಓದುಗರು

ಉತ್ತರ: ಮಕ್ಕಳಿದ್ದರೆ, ಇಡೀ ದಿನ ಇದ್ದರೆ ಪಿಲಿಕುಳ: ವಾಮಂಜೂರಿನ ಬಳಿ ಕೆರೆ, ಪ್ರಾಣಿಸಂಗ್ರಹಾಲಯ, ಸ್ವಾಮಿ ವಿವೇಕಾನಂದ ತಾರಾಲಯ ಎಲ್ಲ ಒಂದೇ ಆವರಣದ ಆಸುಪಾಸಿನಲ್ಲಿವೆ. ತುಳುವಿನಲ್ಲಿ ಪಿಲಿ ಎಂದರೆ ಹುಲಿ. ಹುಲಿ ನೀರಿಗೆ ಬರುತ್ತಿದ್ದ ಕೊಳ ಎಂಬುದು ಹೆಸರಿನ ಅರ್ಥ. ಆದರೆ ಪ್ರಾಣಿಸಂಗ್ರಹಾಲಯಕ್ಕೆ ಸೋಮವಾರ ರಜೆ. ಸಂಜೆ ಎರಡು ಗಂಟೆ ಸುಮ್ಮನೆ ನಡೆಯಲು ಮಾತ್ರವಾದರೆ ನಿಮ್ಮ ಸೋಮವಾರಕ್ಕೆ ಮಣ್ಣಪಳ್ಳವೇ ಸರಿ.