ನಾಲ್ಕು ಜನರ ಸಂಸಾರಕ್ಕೆ ಊಟ, ದಿನಸಿ ಖರ್ಚು ಕಡಿಮೆ ಮಾಡುವುದು ಹೇಗೆ?

ಮನೆಯಲ್ಲಿ ನಾಲ್ಕು ಜನ, ದಿನಸಿ ತರಕಾರಿಗೇ ತಿಂಗಳಿಗೆ 18 ಸಾವಿರ ಆಗುತ್ತಿದೆ, ಎಲ್ಲಿ ಹಿಡಿಯಲಿ ಅಂತ ಕೇಳಿದ್ದೀರಿ. ನಾವು ಮೈಸೂರಿನಲ್ಲಿ ಅತ್ತೆಯೂ ಸೇರಿ ಐದು ಜನ. ಮೂರು ವರ್ಷದ ಹಿಂದೆ ನಮ್ಮದೂ ಇದೇ ಪಾಡು.

ಮೊದಲು ಒಂದು ತಿಂಗಳು, ಎಸೆದದ್ದನ್ನೆಲ್ಲ ಬರೆದಿಡಿ. ನಾನು ಬರೆದಾಗ ನಿಜಕ್ಕೂ ಸಂಕಟ ಆಯಿತು. ಫ್ರಿಜ್ಜಿನ ತಳದಲ್ಲಿ ಕವರಿನೊಳಗೇ ನೀರು ಬಿಟ್ಟುಕೊಂಡು ಕೊಳೆತ ಕೊತ್ತಂಬರಿ, ಬಲಿತು ನಾರಾದ ಬೆಂಡೆಕಾಯಿ, ವಾರಕ್ಕೆ ಎರಡು ಸಲ ಹಳಸಿದ ಹುಳಿ. ದುಡ್ಡು ಹೋಗುತ್ತಿದ್ದದ್ದು ಅಲ್ಲೇ.

ಈಗ ಸೊಪ್ಪು ತಂದ ದಿನವೇ ಬಸ್ಸಾರು. ದಂಟಿನ ಸೊಪ್ಪು, ನೆನೆಸಿದ ಹೆಸರುಕಾಳು ಬೇಯಿಸಿ ಕಟ್ಟು ಬಸಿದುಕೊಳ್ಳುತ್ತೇನೆ. ಈರುಳ್ಳಿ, ಬೆಳ್ಳುಳ್ಳಿ, ಕಾಯಿ, ಹುಣಸೆಹಣ್ಣು, ಸಾರಿನ ಪುಡಿ ಜೊತೆಗೆ ಬೆಂದ ಕಾಳು ಸೊಪ್ಪು ಒಂದು ಹಿಡಿ ಹಾಕಿ ರುಬ್ಬಿ ಆ ಕಟ್ಟಿಗೆ ಬೆರೆಸಿ ಕುದಿಸಿದರೆ ಸಾರು ಆಯಿತು, ಉಳಿದದ್ದಕ್ಕೆ ಒಗ್ಗರಣೆ ಕೊಟ್ಟರೆ ಪಲ್ಯ. ಮುದ್ದೆ ಒಂದಿದ್ದರೆ ಊಟ ಮುಗಿಯಿತು. ಬಸ್ಸಾರು ಮಾರನೇ ದಿನ ಇನ್ನೂ ರುಚಿ, ಹಾಗಾಗಿ ಉಳಿದರೂ ಯಾರೂ ಬೇಡ ಅನ್ನುವುದಿಲ್ಲ.

ಸಾರಿನ ಪುಡಿಯೂ ಮನೆಯದೇ. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು ಮೆಣಸಿನಕಾಯಿ, ಧನಿಯ, ಜೀರಿಗೆ, ಮೆಣಸು, ಮೆಂತ್ಯ ಹುರಿದು ಮಿಲ್ಲಿನಲ್ಲಿ ಪುಡಿ ಮಾಡಿಸುತ್ತೇವೆ. ಅತ್ತೆ ಹುರಿಯುವಾಗ ಪಕ್ಕದಲ್ಲಿ ನಿಂತು ಕಲಿತದ್ದು. ಮೂರು ತಿಂಗಳಿಗೆ ಸಾಕು.

ಅಕ್ಕಿ ಮೂಟೆಯಲ್ಲೇ ತನ್ನಿ. 25 ಕೆಜಿವರೆಗಿನ ಪ್ಯಾಕ್ ಮಾಡಿದ ಅಕ್ಕಿಗೆ 2022ರ ಜುಲೈನಿಂದ ಶೇ. 5 ಜಿಎಸ್‌ಟಿ ಬಂತು, ಅದಕ್ಕೇ ಅಂಗಡಿಗಳಲ್ಲಿ 26 ಕೆಜಿ ಮೂಟೆ ಕಾಣುವುದು. ಆದರೆ ಎರಡು ತಿಂಗಳಿಗಿಂತ ಜಾಸ್ತಿ ದಾಸ್ತಾನು ಬೇಡ, ಹುಳ ಬಿದ್ದರೆ ಉಳಿಸಿದ್ದೆಲ್ಲ ಹೋಯಿತು.

ಹತ್ತು ನಿಮಿಷದಲ್ಲಿ ಮನೆಗೆ ತಂದುಕೊಡುವ ಆ್ಯಪ್‌ಗಳನ್ನು ಫೋನಿನಿಂದ ತೆಗೆದುಬಿಟ್ಟೆವು. ಒಂದು ಕಟ್ಟು ಪುದೀನ ಬೇಕು ಅಂತ ತೆರೆದರೆ, ಡೆಲಿವರಿ ಚಾರ್ಜು ತಪ್ಪಿಸೋಕೆ ಅಂತ ಬಿಸ್ಕತ್ತು, ಚಿಪ್ಸ್ ಸೇರಿ 250 ರೂಪಾಯಿ ಆಗುತ್ತಿತ್ತು. ಇದೊಂದರಿಂದಲೇ ನಮಗೆ ತಿಂಗಳಿಗೆ 2 ಸಾವಿರದ ಹತ್ತಿರ ಉಳಿಯಿತು. ತರಕಾರಿ ಈಗ ವಾರಕ್ಕೆ ಎರಡು ಸಲ, ಸಂಜೆ ಹೊತ್ತಿಗೆ, ದೇವರಾಜ ಮಾರುಕಟ್ಟೆಯಿಂದ.

  

ಒಂದು ಮಾತ್ರ ಕೇಳಿಕೊಳ್ಳುತ್ತೇನೆ. ಮಕ್ಕಳ ಹಾಲು, ಮೊಟ್ಟೆ, ಹಣ್ಣಿಗೆ ಕೈ ಬಿಗಿ ಮಾಡಬೇಡಿ. ನಾನು ಒಮ್ಮೆ ಹಾಲು ಅರ್ಧ ಲೀಟರ್ ಕಡಿಮೆ ಮಾಡಿದ್ದೆ, ಅತ್ತೆ ಸುಮ್ನೆ ತಮ್ಮ ಲೋಟ ಮೊಮ್ಮಗನ ಕಡೆ ಸರಿಸಿದರು. ಮಾರನೇ ದಿನವೇ ಆ ಅರ್ಧ ಲೀಟರ್ ವಾಪಸ್ ಹಾಕಿಸಿಕೊಂಡೆ.