ಗೊಂಬೆ ಪೆಟ್ಟಿಗೆಯ ಸೀಸದ ಸಿಪಾಯಿಗಳು

ಪ್ರಶ್ನೆ: ದಸರೆಗೆ ಗೊಂಬೆ ಕೂರಿಸಲು ಮರದ ಪೆಟ್ಟಿಗೆ ತೆಗೆದಾಗ, ಪಟ್ಟದ ಗೊಂಬೆಗಳ ಅಡಿಯಲ್ಲಿ ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿಟ್ಟಿದ್ದ ಹನ್ನೊಂದು ಲೋಹದ ಸಿಪಾಯಿಗಳು ಸಿಕ್ಕಿದವು. ಕಂಟೋನ್ಮೆಂಟಿನಲ್ಲಿ ಗುಮಾಸ್ತರಾಗಿದ್ದ ಮುತ್ತಜ್ಜನವರು ತಂದವು ಎಂದು ಅತ್ತೆಯವರು ಹೇಳುತ್ತಾರೆ. ಕೆಲವಕ್ಕೆ ತೋಳು ತಿರುಗುತ್ತದೆ, ಎರಡರ ಮೇಲೆ ಬಿಳಿ ಪುಡಿ ಕೂತಿದೆ. ಇವು ಯಾವ ಕಾಲದವು? ಹುಣಸೆಹಣ್ಣು ಹಾಕಿ ತೊಳೆಯಬಹುದೇ?
– ಓದುಗರು, ಬಸವನಗುಡಿ

ಉತ್ತರ: ಎರಡನೆಯ ಪ್ರಶ್ನೆಗೇ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಈ ಸಂಚಿಕೆ ನಿಮ್ಮ ಕೈಸೇರುವಷ್ಟರಲ್ಲಿ ಅತ್ತೆಯವರು ಹುಣಸೆಹಣ್ಣು ನೆನೆಹಾಕಿರಬಹುದು. ದಯವಿಟ್ಟು ತೊಳೆಯಬೇಡಿ. ಹಿತ್ತಾಳೆ ದೀಪಕ್ಕೆ ಹೊಳಪು ಕೊಡುವ ಆ ಹುಳಿಯೇ ಸೀಸವನ್ನು ತಿನ್ನುತ್ತದೆ. ಜೊತೆಗೆ ಸಂಗ್ರಾಹಕರು ನಿಜವಾಗಿ ಬೆಲೆ ಕೊಡುವ ಮೂಲ ಬಣ್ಣವನ್ನು ಚಕ್ಕೆಚಕ್ಕೆಯಾಗಿ ಎಬ್ಬಿಸುತ್ತದೆ.

ಆ ಬಿಳಿ ಪುಡಿ ಧೂಳಲ್ಲ, ಸೀಸಕ್ಕೆ ಹಿಡಿದ ಕಿಲುಬು. ಮರ, ಪ್ಲೈವುಡ್ ಮತ್ತು ರಟ್ಟಿನಿಂದ ನಿಧಾನವಾಗಿ ಹೊರಬರುವ ಅಸಿಟಿಕ್ ಆಮ್ಲದ ಆವಿಯು ಮುಚ್ಚಿದ ಪೆಟ್ಟಿಗೆಯೊಳಗೆ ಕಟ್ಟಿಕೊಂಡು, ತೇವದ ಜೊತೆ ಸೇರಿ ಸೀಸದ ಮೈಯನ್ನು ಕೊರೆದು, ಕೊನೆಗೆ ಅದನ್ನು ಸೀಸದ ಕಾರ್ಬೊನೇಟ್ ಆಗಿ ಮಾರ್ಪಡಿಸುತ್ತದೆ. ನಮ್ಮ ಮಳೆಗಾಲ ಇದಕ್ಕೆ ಹೇಳಿ ಮಾಡಿಸಿದಂತಿದೆ. ಪುಡಿ ಕೂತ ಎರಡನ್ನು ಉಳಿದವುಗಳಿಂದ ಬೇರ್ಪಡಿಸಿ, ಎಲ್ಲವನ್ನೂ ಗಾಜಿನ ಬಾಗಿಲಿನ ಕಬ್ಬಿಣದ ಬೀರುವಿನಲ್ಲಿ, ಸ್ವಲ್ಪ ಗಾಳಿಯಾಡುವಂತೆ, ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡಿ. ಆ ಪುಡಿ ವಿಷಕಾರಿ. ಮುಟ್ಟಿದ ಮೇಲೆ ಕೈ ತೊಳೆಯಿರಿ, ಗೊಂಬೆಗಳ ಕೆಳಗಿನ ಮೆಟ್ಟಿಲಲ್ಲಿ, ಮಕ್ಕಳ ಕೈಗೆ ಸಿಗುವಂತೆ ಜೋಡಿಸಬೇಡಿ.

ಇನ್ನು ಕಾಲದ ವಿಚಾರ. ಸಿಪಾಯಿಯ ಮುಖ ನೋಡುವ ಮೊದಲು ಅವನನ್ನು ತಲೆಕೆಳಗು ಮಾಡಿ ಅಡಿಯನ್ನು ನೋಡಬೇಕು. ಅಡಿಯಲ್ಲಾಗಲಿ ತಲೆಯಲ್ಲಾಗಲಿ ಸಣ್ಣ ತೂತು ಕಂಡರೆ ಅದು ಪೊಳ್ಳು ಎರಕದ್ದು ಎನ್ನಬಹುದು. ಕರಗಿದ ಲೋಹವನ್ನು ಅಚ್ಚಿಗೆ ಹೊಯ್ದು, ಹೊರಪದರ ಗಟ್ಟಿಯಾದ ಕೂಡಲೇ ಒಳಗಿನದನ್ನು ಹೊರಕ್ಕೆ ಸುರಿಯುವ ಈ ವಿಧಾನವನ್ನು ಲಂಡನ್ನಿನ ಬ್ರಿಟನ್ಸ್ ಸಂಸ್ಥೆಯು 1893ರಲ್ಲಿ ಬಳಕೆಗೆ ತಂದಿತು. ಲೋಹ ಕಡಿಮೆ ಹಿಡಿದದ್ದರಿಂದ ಬೆಲೆ ಇಳಿಯಿತು, ಅಲ್ಲಿಯವರೆಗೆ ಮಾರುಕಟ್ಟೆಯನ್ನು ಆಳುತ್ತಿದ್ದ ಜರ್ಮನಿಯ ಗಟ್ಟಿ ಎರಕದ ಸಿಪಾಯಿಗಳಿಗೆ ಪೆಟ್ಟು ಬಿತ್ತು. ಅಡಿಯಿಂದ ತಲೆಯವರೆಗೆ ಸುಮಾರು 54 ಮಿಲಿಮೀಟರ್ ಇದ್ದು, ತೋಳು ತಿರುಗುವಂತಿದ್ದರೆ ಬ್ರಿಟನ್ಸ್ ಎಂದು ಶಂಕಿಸಲು ಕಾರಣವಿದೆ. ಆದರೆ ಅದನ್ನು ನಕಲು ಮಾಡಿದವರೂ ಹಲವರಿದ್ದುದರಿಂದ ಅಡಿಯ ಬರಹವೇ ಮುಖ್ಯ. ಹಾಗೆ ನಕಲು ಮಾಡಿದವರ ಕಾಟದಿಂದಲೇ ಆ ಸಂಸ್ಥೆಯು ಮೊದಲು ಅಡಿಗೆ ಕಾಗದದ ಚೀಟಿ ಅಂಟಿಸಿ, ಅನಂತರ ಹೆಸರನ್ನೂ ದಿನಾಂಕವನ್ನೂ ಅಚ್ಚಿನಲ್ಲೇ ಮೂಡಿಸತೊಡಗಿತು. ಇಲ್ಲಿ ಬಹಳ ಜನ ಎಡವುತ್ತಾರೆ: ಅಡಿಯಲ್ಲಿ 1901 ಎಂದಿದ್ದರೆ ಅದು ಆ ವಿನ್ಯಾಸದ ಹಕ್ಕು ಪಡೆದ ವರ್ಷವೇ ಹೊರತು ನಿಮ್ಮ ಸಿಪಾಯಿ ಹುಟ್ಟಿದ ವರ್ಷವಲ್ಲ. ಒಂದೇ ಅಚ್ಚು ದಶಕಗಳ ಕಾಲ ದುಡಿದದ್ದುಂಟು. ಸೀಸದ ಸಿಪಾಯಿಗಳ ತಯಾರಿಕೆಯನ್ನು ಆ ಸಂಸ್ಥೆ ನಿಲ್ಲಿಸಿದ್ದು 1966ರಲ್ಲಿ.

ತೂತಿಲ್ಲದೆ ಕೈಗೆ ಭಾರವಾಗಿದ್ದರೆ ಡ್ರೆಸ್ಡೆನ್ನಿನ ಹೈಡೆ ಅಥವಾ ಪ್ಯಾರಿಸ್ಸಿನ ಮಿನ್ಯೋ ಎಂಬ ತಯಾರಕರ ಕಡೆಯದಾಗಿರಬಹುದು. ಚಪ್ಪಟೆಯಾಗಿ ಬಿಸ್ಕತ್ತಿನಂತಿದ್ದರೆ ನ್ಯೂರೆಂಬರ್ಗಿನ ತವರದ ಪರಂಪರೆಯದು. ರುಮಾಲು ಸುತ್ತಿದ ಕುದುರೆ ಸವಾರರಿದ್ದರೆ ಇನ್ನಷ್ಟು ಗಮನವಿಟ್ಟು ನೋಡಿ, ಬ್ರಿಟನ್ಸ್ ಸಂಸ್ಥೆಯು ಮದ್ರಾಸ್ ಮತ್ತು ಬಂಗಾಳದ ಅಶ್ವದಳಗಳನ್ನೂ ಮಾಡಿತ್ತು. ಕೆಂಪು ರಟ್ಟಿನ ಮೂಲ ಪೆಟ್ಟಿಗೆ ಅಟ್ಟದ ಮೇಲೆಲ್ಲಾದರೂ ಇದೆಯೇ ಎಂದು ಹುಡುಕಿ. ಸಿಕ್ಕರೆ ಜೋಪಾನವಾಗಿಡಿ, ಆದರೆ ಸಿಪಾಯಿಗಳನ್ನು ಅದರೊಳಗೆ ಇಡಬೇಡಿ.

ಪ್ರಶ್ನೆ: ಭಾನುವಾರದ ಸಂಡೇ ಬಜಾರಿನಲ್ಲಿ ‘ಬ್ರಿಟಿಷರ ಕಾಲದ್ದು’ ಎಂದು ತೋರಿಸುವ ಸಿಪಾಯಿಗಳನ್ನು ನಂಬಬಹುದೇ?
– ಓದುಗರು, ಮಲ್ಲೇಶ್ವರ

ಉತ್ತರ: ಅಲ್ಲಿ ಬ್ರಿಟಿಷರ ಕಾಲದ್ದಲ್ಲದ ವಸ್ತುವನ್ನು ನಾನಂತೂ ಇನ್ನೂ ನೋಡಿಲ್ಲ. ಜೇಬಿನಲ್ಲಿ ಒಂದು ಸಣ್ಣ ಅಯಸ್ಕಾಂತ, ಒಂದು ಬಿಳಿ ಕಾಗದ ಇರಲಿ. ಅಯಸ್ಕಾಂತಕ್ಕೆ ಅಂಟಿದರೆ ಅದು ಕಬ್ಬಿಣದ ತಗಡು. ಸೀಸವೂ ತವರವೂ ಅಂಟುವುದಿಲ್ಲ. ಅಡಿಯ ಬಣ್ಣವಿಲ್ಲದ ಅಂಚನ್ನು ಕಾಗದದ ಮೇಲೆ ಮೆಲ್ಲಗೆ ಎಳೆದರೆ ಸೀಸವು ಪೆನ್ಸಿಲಿನಂತೆ ಬೂದು ಗೆರೆ ಬಿಡುತ್ತದೆ. ಆದರೆ ಹಳೆಯ ಅಚ್ಚನ್ನೋ ಹಳೆಯ ಸಿಪಾಯಿಯನ್ನೋ ಮಾದರಿಯಾಗಿಟ್ಟು ಹೊಸದಾಗಿ ಎರಕ ಹೊಯ್ದ ನಕಲಿನಲ್ಲೂ ಸೀಸವಿರಬಹುದಾದ್ದರಿಂದ ಇಷ್ಟಕ್ಕೇ ಒಪ್ಪಬೇಡಿ, ಸವೆತವನ್ನು ನೋಡಿ. ಮಕ್ಕಳು ನಿಜವಾಗಿ ಆಡಿದ ಸಿಪಾಯಿಯ ಬಣ್ಣ ಹೋಗಿರುವುದು ಮೂಗು, ಟೋಪಿಯ ತುದಿ, ಕುದುರೆಯ ಕಿವಿ, ಬಂದೂಕಿನ ಅಂಚುಗಳಲ್ಲಿ. ಮುದಿತನ ಹಚ್ಚಿದ ನಕಲಿನಲ್ಲಿ ಕಂಕುಳಿನಂಥ ಯಾರ ಬೆರಳೂ ತಾಗದ ಜಾಗವೂ ಅಷ್ಟೇ ಮಾಸಿರುತ್ತದೆ. ಗುಂಡಿ, ಬೆಲ್ಟುಗಳ ಗೆರೆ ಕರಗಿದ ಸಾಬೂನಿನಂತೆ ಮೊಂಡಾಗಿದ್ದರೆ ಚೌಕಾಸಿಗೂ ನಿಲ್ಲಬೇಡಿ.

ಪ್ರಶ್ನೆ: ತಲೆ ಮುರಿದ ಸಿಪಾಯಿಗೆ ಬೆಸುಗೆ ಹಾಕಿಸಬಹುದೇ?
– ಓದುಗರು, ಹಲಸೂರು

ಉತ್ತರ: ಬೇಡ. ಶುದ್ಧ ಸೀಸವೇ 327 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ಸಿಪಾಯಿಗಳಿಗೆ ಬಳಸಿದ ಸೀಸದ ಮಿಶ್ರಲೋಹ ಅದಕ್ಕೂ ಮೊದಲೇ. ಬೆಸುಗೆಯ ಕಡ್ಡಿ ತಾಗಿದರೆ ಕತ್ತಿನ ಜೊತೆಗೆ ಭುಜವೂ ಹೋದೀತು. ಪೊಳ್ಳು ಕತ್ತಿನೊಳಗೆ ಬೆಂಕಿಕಡ್ಡಿಯ ತುಂಡೊಂದನ್ನು ತೂರಿಸಿ ತಲೆ ನಿಲ್ಲಿಸುವುದು ಹಿಂದಿನ ಮಕ್ಕಳ ಉಪಾಯ, ಅದೇ ಸಾಕು. ನಿಮ್ಮದರಲ್ಲಿ ಈಗಾಗಲೇ ಅಂಥ ಕಡ್ಡಿಯಿದ್ದರೆ ಅದನ್ನು ಕೀಳಬೇಡಿ.