ಹೊಸ ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಕಿಟಕಿಯಿಂದ ಮಳೆನೀರು ಒಳಗೆ ಬರ್ತಿದೆ, ಹಾಕಿದವರು ಫೋನೇ ಎತ್ತುತ್ತಿಲ್ಲ. ದುಡ್ಡು ವಾಪಸ್ ಪಡೆಯೋದು ಹೇಗೆ?
ಮೊದಲು ತಪ್ಪು ಎಲ್ಲಿದೆ ಅಂತ ಹಿಡಿಯಿರಿ. ಕೆಳಗಿನ ಟ್ರ್ಯಾಕ್‌ನಲ್ಲಿ ನೀರು ಹೊರಹೋಗಲು ಸಣ್ಣ ತೂತುಗಳಿರಬೇಕು. ಆ ಟ್ರ್ಯಾಕ್‌ಗೆ ಒಂದು ಚೊಂಬು ನೀರು ಸುರಿಯಿರಿ. ನೀರು ಅಲ್ಲೇ ನಿಂತರೆ ತೂತು ಸಿಮೆಂಟಿನಿಂದ ಕಟ್ಟಿಕೊಂಡಿರಬಹುದು, ಕೆಲವು ಕಡೆ ಕೊರೆದೇ ಇರುವುದಿಲ್ಲ! ಗೋಡೆ, ಫ್ರೇಮ್ ನಡುವಿನ ಸಂದಿಯಿಂದ ಬಂದರೆ ಅದನ್ನು ಮುಚ್ಚುವ ಸಿಲಿಕಾನ್ ಅಂಟು ಸರಿಯಾಗಿ ತುಂಬಿಲ್ಲ ಅಂತ ಅನುಮಾನಿಸಬಹುದು. ಎಲ್ಲ ವಿಡಿಯೋ ಮಾಡಿಟ್ಟುಕೊಳ್ಳಿ. ಅದಕ್ಕೂ ಮುಂಚೆ ಬೇರೆಯವರಿಂದ ರಿಪೇರಿ ಮಾಡಿಸಬೇಡಿ, ಸಾಕ್ಷಿ ಅಳಿಸಿಹೋಗುತ್ತೆ.

ಫೋನಿನಲ್ಲಿ ಜಗಳ ಆಡಿ ಸುಮ್ನೆ ಪ್ರಯೋಜನ ಇಲ್ಲ. ಗಡುವು ಹಾಕಿ ಇಮೇಲ್, ಸ್ಪೀಡ್ ಪೋಸ್ಟ್ ಎರಡರಲ್ಲೂ ನೋಟಿಸ್ ಕಳಿಸಿ. ಬಿಲ್ ಕೊಟ್ಟಿಲ್ವಾ? ಕೊಟೇಶನ್, ವಾಟ್ಸಾಪ್ ಮಾತು, ಯುಪಿಐ ಪಾವತಿಯೂ ಪುರಾವೆಯೇ.

ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು, ಆದರೆ 2 ವರ್ಷದೊಳಗೆ. ಕೊಟ್ಟ ಹಣ 5 ಲಕ್ಷದವರೆಗಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ.

ಬರೀ ಸಿಲಿಕಾನ್ ಸಮಸ್ಯೆಗೆ ಪೂರ್ತಿ ಹಣ ಸಿಗೋದು ಕಷ್ಟ. ಹಾಗಾಗಿ ದೂರಿನಲ್ಲಿ ರೀಫಂಡ್ ಜೊತೆಗೆ, ಅದಾಗದಿದ್ದರೆ ಬದಲಿ ಕಿಟಕಿ ಅಥವಾ ರಿಪೇರಿ ಖರ್ಚು ಕೊಡಿಸಿ ಅಂತಲೂ ಬರೆಯಿರಿ.